ಮೂವತ್ತರ ಪಾಯಿಂಟ್ ಗಾರ್ಡಿಗೆ ಆರು ವರ್ಷದ ಕರಾರು: ಲೆಕ್ಕ ಸರಿಯಿತ್ತಾ?

ನಾನು ಚೆನ್ನೈಗೆ ಬಂದು ಇಪ್ಪತ್ತು ವರ್ಷದ ಮೇಲಾಯ್ತು. ನಮ್ಮ ಪೋರೂರಿನ ಸುತ್ತಲಿನ ಆಫೀಸುಗಳಲ್ಲಿ ಆಗಾಗ ಕೇಳೋ ಮಾತು ಒಂದಿದೆ: "ಹಳೇ ಕಂಪನಿಯವರು ಅಷ್ಟು ಕೊಡಲ್ಲ ಅಂದ್ರು, ಬಿಟ್ಟು ಬಂದೆ." ಹಾಗೆ ಬಂದವನನ್ನ ಸೇರಿಸಿಕೊಂಡವರು ಜಾಣರೋ, ಬಿಟ್ಟುಕೊಟ್ಟವರು ಜಾಣರೋ? ಈ ಜಗಳಕ್ಕೆ ಬ್ಯಾಸ್ಕೆಟ್‌ಬಾಲ್ ಚರಿತ್ರೆಯಲ್ಲಿ ಒಂದು ಒಳ್ಳೇ ಉದಾಹರಣೆ ಇದೆ. ಸ್ಟೀವ್ ನ್ಯಾಶ್, 2004.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಪಾಯಿಂಟ್ ಗಾರ್ಡ್ ಅಂದ್ರೆ ಪಂಕ್ತಿಯಲ್ಲಿ ಬಡಿಸೋನು ಇದ್ದ ಹಾಗೆ. ಯಾರ ಎಲೆ ಖಾಲಿಯಾಗಿದೆ, ಯಾರಿಗೆ ಈಗ ಏನು ಬೇಕು ಅಂತ ನೋಡಿ ಚೆಂಡು ದಾಟಿಸೋದು ಅವನ ಕೆಲಸ. ಫ್ರೀ ಏಜೆಂಟ್ ಅಂದ್ರೆ ಕರಾರು ಮುಗಿದು, ಇಷ್ಟ ಬಂದ ತಂಡಕ್ಕೆ ಹೋಗೋ ಹಕ್ಕಿರುವ ಆಟಗಾರ.

ಈ ಹಕ್ಕೇನೂ ಸುಮ್ಮನೆ ಬಂದಿದ್ದಲ್ಲ. ಒಂದು ಕಾಲಕ್ಕೆ ಕರಾರು ಮುಗಿದ ಮೇಲೂ ಆಟಗಾರ ಹಳೇ ತಂಡದ ಸೊತ್ತೇ ಆಗಿರುತ್ತಿದ್ದ. 1970ರಲ್ಲಿ ಕೋರ್ಟಿಗೆ ಹೋದದ್ದು ಆಸ್ಕರ್ ರಾಬರ್ಟ್ಸನ್. ಅವನೂ ಗಾರ್ಡೇ, ಆಟಗಾರರ ಸಂಘದ ಅಧ್ಯಕ್ಷ. ಮೊಕದ್ದಮೆ ರಾಜಿಯಾಗಿದ್ದು 1976ರಲ್ಲಿ. ಆಮೇಲೂ ಹಳೇ ತಂಡ ಅಷ್ಟೇ ಹಣ ಕೊಟ್ಟು ಆಟಗಾರನನ್ನ ಹಿಡಿದಿಟ್ಟುಕೊಳ್ಳಬಹುದಿತ್ತು. ಪೂರ್ತಿ ಸ್ವತಂತ್ರನಾಗಿ ತಂಡ ಬದಲಿಸಿದ ಮೊದಲಿಗ ಟಾಮ್ ಚೇಂಬರ್ಸ್, 1988ರಲ್ಲಿ. ಅವನು ಸೇರಿದ್ದು ಫೀನಿಕ್ಸ್ ಸನ್ಸ್ ತಂಡ. ಹದಿನಾರು ವರ್ಷದ ನಂತರ ನ್ಯಾಶ್ ಬಂದದ್ದೂ ಅಲ್ಲಿಗೇ.

2004ರಲ್ಲಿ ನ್ಯಾಶ್‌ಗೆ ಮೂವತ್ತು ವರ್ಷ. ಆರು ವರ್ಷದಿಂದ ಡಲ್ಲಾಸ್‌ನಲ್ಲಿದ್ದ. ಡಲ್ಲಾಸ್ ಮಾಲೀಕ ಮಾರ್ಕ್ ಕ್ಯೂಬನ್ ವರ್ಷಕ್ಕೆ ಸುಮಾರು 90 ಲಕ್ಷ ಡಾಲರಿನಂತೆ ನಾಲ್ಕು ವರ್ಷಕ್ಕೆ ಮಾತಾಡಿದ. ಫೀನಿಕ್ಸ್ ಕೊಟ್ಟಿದ್ದು ಆರು ವರ್ಷ, ಒಟ್ಟು ಆರು ಕೋಟಿ ಡಾಲರಿಗೂ ಮೇಲೆ. ವ್ಯತ್ಯಾಸ ನೋಡಿ, ವರ್ಷದ ಸಂಬಳಕ್ಕಿಂತ ವರ್ಷಗಳ ಎಣಿಕೆಯಲ್ಲೇ ಹೆಚ್ಚಿತ್ತು. ಬೆನ್ನುನೋವಿನ ಆಟಗಾರ, ಇನ್ನೆಷ್ಟು ದಿನ ಓಡ್ತಾನೆ ಅನ್ನೋದು ಕ್ಯೂಬನ್ ಭಯ.

ಮುಂದಾಗಿದ್ದು ಎಲ್ಲರಿಗೂ ಗೊತ್ತಿರೋದೇ. ಹಿಂದಿನ ವರ್ಷ ಬರೀ 29 ಪಂದ್ಯ ಗೆದ್ದಿದ್ದ ಫೀನಿಕ್ಸ್, 2004-05ರಲ್ಲಿ 62 ಗೆದ್ದಿತು. 2005 ಮತ್ತು 2006, ಎರಡೂ ವರ್ಷ ಲೀಗಿನ ಶ್ರೇಷ್ಠ ಆಟಗಾರ ಪ್ರಶಸ್ತಿ ನ್ಯಾಶ್‌ಗೆ. 2005ರ ಪ್ಲೇಆಫ್‌ನಲ್ಲಿ ಡಲ್ಲಾಸ್ಸನ್ನೇ 4-2ರಿಂದ ಮನೆಗೆ ಕಳಿಸಿದ. ಮೂವತ್ತೇಳನೇ ವಯಸ್ಸಿನಲ್ಲೂ, ಅಂದ್ರೆ 2010-11ರಲ್ಲಿ, ಇಡೀ ಲೀಗಿನಲ್ಲಿ ಅಸಿಸ್ಟ್‌ಗಳ ಸರಾಸರಿ ಅವನದೇ ಮೊದಲು.

ಹಾಗಾದ್ರೆ ಡಲ್ಲಾಸ್ ದಡ್ಡರಾ? ಇಲ್ಲೇ ಕಥೆ ಸ್ವಲ್ಪ ತಿರುಗೋದು. ನ್ಯಾಶ್ ಹೋದ ವರ್ಷ ಡಲ್ಲಾಸ್ ಗೆಲುವು 52ರಿಂದ 58ಕ್ಕೆ ಏರಿತು! ಎತ್ತರದ ಸೆಂಟರ್ ಆಟಗಾರ ಎರಿಕ್ ಡ್ಯಾಂಪಿಯರ್‌ನನ್ನ ಅದೇ ವರ್ಷ ತಂದಿದ್ದರು. 2006ರಲ್ಲಿ ಫೀನಿಕ್ಸನ್ನ ಸೋಲಿಸಿ ಫೈನಲ್‌ಗೆ ಹೋದರು, 2011ರಲ್ಲಿ ಕಪ್ಪನ್ನೇ ಗೆದ್ದರು. ನ್ಯಾಶ್ ಕೊನೇವರೆಗೂ ಒಂದು ಫೈನಲ್ ಆಡಲಿಲ್ಲ.

ಬರೀ ಕಪ್ ನೋಡಿ ಅಳೆಯೋರು ಡಲ್ಲಾಸೇ ಸರಿ ಅಂತಾರೆ. ನಾನು ಒಪ್ಪಲ್ಲ. ಡಲ್ಲಾಸ್ ಲೆಕ್ಕ ಹಾಕಿದ್ದು ಒಬ್ಬನ ಬೆನ್ನನ್ನ. ಫೀನಿಕ್ಸ್ ಲೆಕ್ಕ ಹಾಕಿದ್ದು ಆ ಒಬ್ಬನ ಪಕ್ಕ ಓಡೋ ನಾಲ್ವರನ್ನ. ಅಮಾರೆ ಸ್ಟೌಡಮೈರ್, ಶಾನ್ ಮೇರಿಯನ್, ಜೋ ಜಾನ್ಸನ್ ಇವರೆಲ್ಲ ಓಡೋ ಕಾಲುಗಳು. ಓಡಿಸಬೇಕು ಅನ್ನೋ ಕೋಚ್ ಮೈಕ್ ಡಿ'ಆಂಟೋನಿ ಇದ್ದ. ಬಡಿಸೋನು ಒಬ್ಬನೇ ಇರಲಿಲ್ಲ. ಅದೃಷ್ಟವೂ ಇತ್ತು ಅನ್ನಿ. ಅದೇ ಸೀಸನ್ನಿನಲ್ಲಿ ಗಾರ್ಡ್‌ಗಳನ್ನ ಕೈಯಿಂದ ತಡೆಯೋದರ ಮೇಲೆ ಲೀಗ್ ನಿಯಮ ಬಿಗಿ ಮಾಡಿತು.

ಇದಕ್ಕೆ ಸಾಕ್ಷಿ ಬೇಕಿದ್ರೆ 2012 ನೋಡಿ. ಅದೇ ನ್ಯಾಶ್, ವಯಸ್ಸು 38. ಕರಾರು ಮುಗಿದಿದ್ದ ಅವನಿಗಾಗಿ ಲಾಸ್ ಏಂಜಲಿಸ್ ಲೇಕರ್ಸ್ ಎರಡು ಮೊದಲ ಸುತ್ತಿನ, ಎರಡು ಎರಡನೇ ಸುತ್ತಿನ ಡ್ರಾಫ್ಟ್ ಅವಕಾಶಗಳನ್ನ ಫೀನಿಕ್ಸ್‌ಗೆ ಬಿಟ್ಟುಕೊಟ್ಟಿತು. ಎರಡನೇ ಪಂದ್ಯದಲ್ಲೇ ಕಾಲಿನ ಮೂಳೆ ಮುರೀತು. ಐದು ಪಂದ್ಯಕ್ಕೆ ಕೋಚ್ ಬದಲಾದ. ಅಲ್ಲಿ ಚೆಂಡು ಕೋಬಿ ಬ್ರಯಾಂಟ್ ಕೈಯಲ್ಲೇ ಇರಬೇಕು. ಮೂರು ವರ್ಷದ ಕರಾರಿನಲ್ಲಿ ನ್ಯಾಶ್ ಆಡಿದ್ದು 65 ಪಂದ್ಯ. ವಯಸ್ಸು ಒಂದು ಕಾರಣ, ಸರಿ. ಆದರೆ ಮೂಳೆ ಗಟ್ಟಿಯಿದ್ದಿದ್ರೂ ಆ ಪಂಕ್ತಿಯಲ್ಲಿ ಎಲ್ಲರೂ ತಾವೇ ಬಡಿಸಿಕೊಳ್ಳೋರು.

ನಮ್ಮ ಊರಿನ ಚರಿತ್ರೆ ಬೇರೆ. ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ಶುರು ಮಾಡಿದ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಇವತ್ತಿಗೂ ನಂದನಂನಲ್ಲಿದೆ. ಇಲ್ಲಿ ಆಟ ಹಳೇದು, ಮಾರುಕಟ್ಟೆ ಮಾತ್ರ ಬೆಳೀಲಿಲ್ಲ. ಇಂಡಿಯನ್ ಓವರ್ಸೀಸ್ ಬ್ಯಾಂಕ್, ಇಂಡಿಯನ್ ಬ್ಯಾಂಕ್, ಐಸಿಎಫ್, ಬೆಂಗಳೂರಲ್ಲಿ ವಿಜಯಾ ಬ್ಯಾಂಕ್, ಹೀಗೆ ತಂಡ ಅಂದ್ರೆ ಕೆಲಸ. ಇಪ್ಪತ್ತೆರಡರ ಹುಡುಗ ಹತ್ತು ವರ್ಷ ಆಡ್ತಾನೆ, ಇನ್ನೂ ಇಪ್ಪತ್ತೆಂಟು ವರ್ಷ ಕೌಂಟರಿನಲ್ಲಿ ಕೂರ್ತಾನೆ. ಕಾಲು ಮುರಿದರೂ ಅನ್ನ ತಪ್ಪಲ್ಲ. ಇದು ಸಣ್ಣ ಮಾತಲ್ಲ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯ್ತು. ಹಾಗೆ ಬ್ಯಾಂಕೇ ಇಲ್ಲವಾದಾಗ ಆಟಗಾರನನ್ನ ಕೇಳೋರು ಯಾರು ಅನ್ನೋ ಪ್ರಶ್ನೆ ಎದ್ದೇ ಏಳುತ್ತೆ. ತನ್ನ ಬೆಲೆ ತಾನೇ ಕೇಳೋ ಹಕ್ಕು ನಮ್ಮ ಹುಡುಗರಿಗೆ ಅಭ್ಯಾಸವೇ ಆಗಿಲ್ಲ.

ಅದಕ್ಕೇ ಹೇಳೋದು, ಯಾರನ್ನಾದರೂ ಸೇರಿಸಿಕೊಳ್ಳುವಾಗ "ಇವನು ಇನ್ನೆಷ್ಟು ದಿನ ಬಾಳ್ತಾನೆ" ಅಂತ ಮಾತ್ರ ಕೇಳಬೇಡಿ. "ಇವನು ಬಂದ್ರೆ ಉಳಿದ ನಾಲ್ವರು ಏನಾಗ್ತಾರೆ" ಅಂತಲೂ ಕೇಳಿ. ಫೀನಿಕ್ಸ್ ಕೇಳಿದ್ದು ಎರಡನೇ ಪ್ರಶ್ನೆ. ಕಪ್ ಬರದಿದ್ದರೂ ಆ ಸಹಿ ಸರಿಯಾಗಿತ್ತು ಅನ್ನೋದು ನನ್ನ ಅಭಿಪ್ರಾಯ. ನಿಮಗೇನನ್ಸುತ್ತೆ?