ಕಾಂಟ್ರಾಸ್ಟ್ ಎಂ.ಆರ್.ಐ. ಚಿತ್ರಸಂಸ್ಕರಣೆ

ಕಾಂಟ್ರಾಸ್ಟ್ ಎಂ.ಆರ್.ಐ. ಚಿತ್ರಸಂಸ್ಕರಣೆ ಎಂದರೆ ಕಾಂಟ್ರಾಸ್ಟ್ ದ್ರವ್ಯವನ್ನು ಅಭಿಧಮನಿಗೆ ಚುಚ್ಚಿ ಪಡೆದ ಎಂ.ಆರ್.ಐ. ಚಿತ್ರಗಳಿಂದ, ಸ್ಕ್ಯಾನ್ ಮುಗಿದ ಮೇಲೆ, ಗಣಕದ ನೆರವಿನಿಂದ ಹೊಸ ನೋಟಗಳನ್ನೂ ಅಳತೆಗಳನ್ನೂ ಪಡೆಯುವ ವಿಧಾನಗಳ ಸಮೂಹ. ಈ ದ್ರವ್ಯವು ಸಾಮಾನ್ಯವಾಗಿ ಗ್ಯಾಡೊಲಿನಿಯಮ್ ಧಾತುವಿನ ಸಂಯುಕ್ತ. ಅದು ಸುತ್ತಲಿನ ನೀರಿನ ಪ್ರೋಟಾನುಗಳ ಟಿ1 ವಿಶ್ರಾಂತಿ ಕಾಲವನ್ನು ಕುಗ್ಗಿಸುವುದರಿಂದ ರಕ್ತನಾಳಗಳೂ ಅನೇಕ ಗಡ್ಡೆಗಳೂ ಬೆಳ್ಳಗೆ ಕಾಣುತ್ತವೆ.

ಸಂಸ್ಕರಣೆಯು ಚಿತ್ರದ ಪುನರ್ರಚನೆಗಿಂತ ಬೇರೆ. ಯಂತ್ರದ ಸಂಕೇತಗಳಿಂದ ಮೊದಲ ಚಿತ್ರವನ್ನು ಕಟ್ಟುವುದು ಪುನರ್ರಚನೆ, ಎಂ.ಆರ್.ಐ.ಯಲ್ಲಿ ಇದಕ್ಕೆ ಮುಖ್ಯವಾಗಿ ಫೂರಿಯೆ ಪರಿವರ್ತನೆ ಬಳಕೆಯಲ್ಲಿದೆ. (ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಣ್ವಿಕ ಜೀವಭೌತ ವಿಭಾಗವನ್ನು ಕಟ್ಟಿದ ಜಿ. ಎನ್. ರಾಮಚಂದ್ರನ್ ಅವರು ಎ. ವಿ. ಲಕ್ಷ್ಮೀನಾರಾಯಣನ್ ಅವರೊಡನೆ 1971ರಲ್ಲಿ ಪ್ರಕಟಿಸಿದ, ಸಿ.ಟಿ. ಸ್ಕ್ಯಾನಿಗೆ ಆಧಾರವಾದ ಗಣಿತವೂ ಪುನರ್ರಚನೆಯದೇ.)

ವ್ಯವಕಲನ

ದ್ರವ್ಯ ಕೊಟ್ಟ ನಂತರದ ಚಿತ್ರದಿಂದ ಮೊದಲಿನ ಚಿತ್ರವನ್ನು ಕಳೆದರೆ ದ್ರವ್ಯ ಸೇರಿದ ಭಾಗವಷ್ಟೇ ಉಳಿಯುತ್ತದೆ. ಕೊಬ್ಬು ಮತ್ತು ಹಳೆಯ ರಕ್ತಸ್ರಾವ ದ್ರವ್ಯವಿಲ್ಲದೆಯೂ ಬೆಳ್ಳಗಿರುವುದರಿಂದ ಈ ಕ್ರಮ ಅಗತ್ಯ. ಆದರೆ ಎರಡು ಚಿತ್ರಗಳ ನಡುವೆ ರೋಗಿ ಅಲುಗಾಡಿದರೆ ಅಂಚುಗಳಲ್ಲಿ ಇಲ್ಲದ ಹೊಳಪು ಮೂಡುತ್ತದೆ. ಗದ್ದಲವೂ ಸುಮಾರು 1.4 ಪಟ್ಟು ಹೆಚ್ಚುತ್ತದೆ.

ಗರಿಷ್ಠ ತೀವ್ರತೆಯ ಪ್ರಕ್ಷೇಪಣ

'ಮಿಪ್' ಎಂದೇ ಪರಿಚಿತವಾದ ಈ ವಿಧಾನ ರಕ್ತನಾಳಗಳ ಚಿತ್ರಣದಲ್ಲಿ ಬಹಳ ಜನಪ್ರಿಯ. ಗಣಕವು ಮೂರು ಆಯಾಮದ ದತ್ತಾಂಶದ ಮೂಲಕ ಸಮಾಂತರ ರೇಖೆಗಳನ್ನು ಹಾಯಿಸಿ, ಪ್ರತಿ ರೇಖೆಯಲ್ಲಿ ಅತಿ ಹೆಚ್ಚು ಹೊಳೆಯುವ ಬಿಂದುವನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಇಡೀ ನಾಳಜಾಲ ಒಂದೇ ನೋಟಕ್ಕೆ ಸಿಗುತ್ತದೆ. ಆದರೆ ಯಾವ ನಾಳ ಮುಂದಿದೆ, ಯಾವುದು ಹಿಂದಿದೆ ಎಂಬುದು ಒಂದೇ ನೋಟದಿಂದ ತಿಳಿಯದು. ಹೊಳೆಯುವ ರಕ್ತದ ನಡುವಿನ ಕಪ್ಪು ಹೆಪ್ಪು ಮರೆಯಾಗಬಹುದು. ತೀರ ಕಿರಿದಾದ ನಾಳದ ಮಂದ ಸಂಕೇತವು ಹಿನ್ನೆಲೆಯಲ್ಲಿ ಕರಗಿ, ನಾಳ ಪೂರ್ತಿ ಮುಚ್ಚಿದಂತೆ ತೋರಬಹುದು. ಕುತ್ತಿಗೆಯ ಕೆರೋಟಿಡ್ ಅಪಧಮನಿಯ ವಿಷಯದಲ್ಲಿ ಈ ದೋಷ ಸಣ್ಣದಲ್ಲ: ಪಾರ್ಶ್ವವಾಯುವಿನ ಲಕ್ಷಣ ಕಂಡ ರೋಗಿಯ ನಾಳ ಶೇ. 70ರಿಂದ 99ರಷ್ಟು ಕಿರಿದಾಗಿದ್ದರೆ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸುತ್ತಾರೆ, ಪೂರ್ತಿ ಮುಚ್ಚಿದ್ದರೆ ಸಾಮಾನ್ಯವಾಗಿ ಮಾಡುವುದಿಲ್ಲ. ಆದ್ದರಿಂದ ಮಿಪ್ ಚಿತ್ರದಲ್ಲಿ ಕಂಡದ್ದನ್ನು ಮೂಲ ಪದರಗಳಲ್ಲಿ ಪರಿಶೀಲಿಸಿಯೇ ವರದಿ ಬರೆಯಬೇಕು.

ಇತರ ವಿಧಾನಗಳು

ಬಹುತಲ ಪುನರ್ರೂಪಣವು ಅದೇ ದತ್ತಾಂಶವನ್ನು ಬೇಕಾದ ಕೋನದಲ್ಲಿ ಸೀಳಿ ತೋರಿಸುತ್ತದೆ. ನಾಳದ ಅಡ್ಡಕೊಯ್ತವನ್ನು ಅಳೆಯಲು ಇದು ಮಿಪ್‌ಗಿಂತ ವಿಶ್ವಾಸಾರ್ಹ. ಬಣ್ಣಬಣ್ಣದ ಘನಚಿತ್ರಣ ನೋಡಲು ಸೊಗಸು, ಶಸ್ತ್ರಚಿಕಿತ್ಸಕರಿಗೆ ಉಪಯುಕ್ತವೂ ಹೌದು; ಆದರೆ ಪಾರದರ್ಶಕತೆಯ ಆಯ್ಕೆ ಬದಲಾದಂತೆ ನಾಳದ ದಪ್ಪವೂ ಬದಲಾಗಿ ಕಾಣುತ್ತದೆ.

ಸ್ತನದ ಎಂ.ಆರ್.ಐ.ಯಲ್ಲಿ ಹೊಳಪು ಕಾಲಕ್ರಮದಲ್ಲಿ ಏರಿಳಿಯುವ ರೇಖೆಯನ್ನೂ ಬರೆಯುತ್ತಾರೆ. ಬೇಗನೆ ಏರಿ ಬೇಗನೆ ಇಳಿಯುವ ರೇಖೆ ಕ್ಯಾನ್ಸರಿನ ಶಂಕೆ ಹುಟ್ಟಿಸುತ್ತದೆ. ಕೆಲವು ನಿರಪಾಯ ಗಡ್ಡೆಗಳೂ ಹಾಗೆಯೇ ವರ್ತಿಸುವುದರಿಂದ ಗಡ್ಡೆಯ ಆಕಾರ ಮತ್ತು ಅಂಚನ್ನೂ ಜೊತೆಗೆ ನೋಡಲಾಗುತ್ತದೆ.