ಕಪ್ಪುರಂಧ್ರದ ಅಂಚಿನ ಸದ್ದು

ಬೆಳಕನ್ನೂ ಹೊರಬಿಡದ ಕಪ್ಪುರಂಧ್ರಕ್ಕೆ ಯಾರೂ ಹೋಗಿ ಬರಲಾರರು. ಹೋಗದೆ ಅದನ್ನು ಅರಿಯುವುದು ಹೇಗೆ? ಈ ಪ್ರಶ್ನೆಯ ಇತಿಹಾಸದಲ್ಲಿ ಕನ್ನಡಿಗರೊಬ್ಬರ ಹೆಸರೂ ಇದೆ.

ಸಿ.ವಿ. ವಿಶ್ವೇಶ್ವರ ಬೆಂಗಳೂರಿನಲ್ಲಿ 1938ರಲ್ಲಿ ಜನಿಸಿದವರು. ಗುರುತ್ವ ಅಲೆ ತಾಗಿದರೆ ಕಪ್ಪುರಂಧ್ರ ಬಡಿದ ಗಂಟೆಯಂತೆ ಮಿಡಿದು ಬೇಗನೆ ಅಡಗುತ್ತದೆಂದು ಅವರು 1970ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಮಿಡಿತದ ಲಕ್ಷಣದಿಂದ ಅದರ ದ್ರವ್ಯರಾಶಿಯನ್ನು ತಿಳಿಯಬಹುದು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರೂ ಅವರೇ.

1974ರಲ್ಲಿ ಸ್ಟೀಫನ್ ಹಾಕಿಂಗ್ ಇನ್ನೊಂದು ಮಾತು ಹೇಳಿದರು: ಕಪ್ಪುರಂಧ್ರ ಪೂರ್ತಿ ಕಪ್ಪಲ್ಲ, ಅದರ ಅಂಚಿನಿಂದ ಕ್ಷೀಣ ವಿಕಿರಣ ಹೊರಡುತ್ತದೆ. ಆದರೆ ಸೂರ್ಯನಷ್ಟು ದ್ರವ್ಯರಾಶಿಯ ಕಪ್ಪುರಂಧ್ರದ ಉಷ್ಣತೆ ನಿರಪೇಕ್ಷ ಶೂನ್ಯದಿಂದ ಒಂದು ಡಿಗ್ರಿಯ ಕೋಟಿಯಲ್ಲೊಂದು ಪಾಲೂ ಮೇಲಿಲ್ಲ. ಆಕಾಶದ ಹಿನ್ನೆಲೆ ವಿಕಿರಣವೋ 2.7 ಡಿಗ್ರಿಯದು. ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳಿಸೀತೆ?

1981ರಲ್ಲಿ ಕೆನಡಾದ ವಿಲಿಯಂ ಅನ್ರೂ ಒಂದು ಉಪಾಯ ಸೂಚಿಸಿದರು. ಬೇಲೂರಿನ ಯಗಚಿ ಹೊಳೆಯನ್ನೇ ನೆನೆಯಿರಿ. ಮಳೆಗಾಲದಲ್ಲಿ ಸೆಳವು ಮೀನಿನ ಈಜನ್ನು ಮೀರಿದೆಡೆ, ಮೀನು ಎಷ್ಟು ಹೆಣಗಿದರೂ ಮೇಲಕ್ಕೆ ಬರಲಾರದು. ಹರಿವು ಶಬ್ದದ ವೇಗವನ್ನು ಮೀರಿದರೆ ಶಬ್ದದ ಗತಿಯೂ ಅದೇ. ಆ ಗಡಿಯೇ ಶಬ್ದದ ಪಾಲಿಗೆ ಕಪ್ಪುರಂಧ್ರದ ಅಂಚು. ಅಲ್ಲಿಯೂ ಹಾಕಿಂಗ್ ಹೇಳಿದಂಥ ವಿಕಿರಣ, ಬೆಳಕಿನ ಬದಲು ಶಬ್ದದ ರೂಪದಲ್ಲಿ, ಹೊರಡಬೇಕು.

ಅದನ್ನು ಹಿಡಿಯಲು ಅತಿ ತಣ್ಣನೆಯ ಹರಿವು ಬೇಕಿತ್ತು. ಸತ್ಯೇಂದ್ರನಾಥ ಬೋಸ್ 1924ರಲ್ಲಿ ಢಾಕಾದಿಂದ ಐನ್‌ಸ್ಟೈನ್‌ಗೆ ಕಳುಹಿಸಿದ ಲೇಖನದಿಂದ ಹುಟ್ಟಿದ ಊಹೆ, 1995ರಲ್ಲಿ ಅಮೆರಿಕದಲ್ಲಿ ನಿಜವಾಯಿತು. ನಿರಪೇಕ್ಷ ಶೂನ್ಯದ ಸಮೀಪಕ್ಕೆ ತಣಿಸಿದ ರುಬಿಡಿಯಂ ಪರಮಾಣುಗಳು ಒಂದೇ ಜೀವದಂತೆ ವರ್ತಿಸಿದವು. ಇಂಥ ಅನಿಲದಲ್ಲಿ ಶಬ್ದ ಆಮೆಗಿಂತ ನಿಧಾನ. ಅದನ್ನು ಮೀರುವ ಹರಿವು ಪ್ರಯೋಗಶಾಲೆಯಲ್ಲೇ ಸಾಧ್ಯ. ಇಸ್ರೇಲಿನ ಟೆಕ್ನಿಯನ್ ಸಂಸ್ಥೆಯ ಜೆಫ್ ಸ್ಟೈನ್‌ಹೌರ್ ಇದನ್ನೇ ಮಾಡಿದರು. ಅಂಚಿನಲ್ಲಿ ಶಬ್ದದ ಅಲೆಗಳು ಜೋಡಿಯಾಗಿ ಹುಟ್ಟಿ, ಒಂದು ಹೊರಕ್ಕೂ ಇನ್ನೊಂದು ಒಳಕ್ಕೂ ಸಾಗುವುದನ್ನು 2016ರಲ್ಲಿ ವರದಿ ಮಾಡಿದರು. ವಿಕಿರಣದ ಉಷ್ಣತೆ ಹಾಕಿಂಗ್ ಲೆಕ್ಕಕ್ಕೆ ಹೊಂದುತ್ತದೆಂದು ಅವರ ತಂಡ 2019ರಲ್ಲಿ ತಿಳಿಸಿತು.

ಹಾಗಾದರೆ ಹಾಕಿಂಗ್ ಮಾತು ರುಜುವಾತಾಯಿತೇ? ಪೂರ್ತಿ ಇಲ್ಲ. ಇಲ್ಲಿ ಸೆಳೆದದ್ದು ಅನಿಲದ ಹರಿವು, ಗುರುತ್ವವಲ್ಲ. ಎರಡರ ಗಣಿತ ಒಂದೇ ಬಗೆಯದೆಂಬುದಷ್ಟೇ ಈ ಪ್ರಯೋಗದ ಬಲ. ಕೊನೆಯ ಸಾಕ್ಷಿಯನ್ನು ಆಕಾಶವೇ ನುಡಿಯಬೇಕು.

ವಿಶ್ವೇಶ್ವರರಿಗೆ ಆ ಭಾಗ್ಯ ಒದಗಿತು. ಎರಡು ಕಪ್ಪುರಂಧ್ರಗಳು ಬೆರೆತಾಗ ಎದ್ದ ಗುರುತ್ವ ಅಲೆ 2015ರಲ್ಲಿ ಭೂಮಿಯ ಉಪಕರಣಗಳಿಗೆ ಸಿಕ್ಕಿತು. ಅದರ ಕೊನೆಯಲ್ಲಿ ಅವರು ಹೇಳಿದಂಥ ಅಡಗುವ ಮಿಡಿತವಿತ್ತು. 2017ರ ಜನವರಿಯಲ್ಲಿ ಅವರು ತೀರಿಕೊಂಡರು. ಲೆಕ್ಕಕ್ಕೂ ಸಾಕ್ಷಿಗೂ ನಡುವೆ ಕಳೆದದ್ದು 45 ವರ್ಷ. ಹಾಕಿಂಗ್ ವಿಕಿರಣ ಆಕಾಶದಿಂದ ಇನ್ನೂ ಕೇಳಿಬಂದಿಲ್ಲ.