‘ಲಾಟ್’ ಮತ್ತು ‘ಲಾಟರಿ’: ಪದಗಳ ಅರ್ಥ ಹಾಗೂ ಮೂಲ

ಸರ್ಕಾರಿ ಪ್ರಕಟಣೆಗಳಲ್ಲಿ ‘ಲಾಟರಿ ಮೂಲಕ ಆಯ್ಕೆ’ ಎಂಬ ಮಾತು ಆಗಾಗ್ಗೆ ಕಂಡುಬರುತ್ತದೆ. ಹಣ ತೆತ್ತು ಟಿಕೆಟು ಕೊಳ್ಳುವ ಲಾಟರಿಗೂ ಇದೇ ಹೆಸರಿರುವುದರಿಂದ, ಇದು ಒಂದು ಬಗೆಯ ಜೂಜೆಂಬ ಭಾವನೆ ಸಾರ್ವಜನಿಕರಲ್ಲಿ ಮೂಡುವುದುಂಟು. ಪದದ ಮೂಲವನ್ನು ಅರಿತಲ್ಲಿ ಇವೆರಡರ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಪದದ ಮೂಲ

‘ಲಾಟ್’ ಎಂಬುದು ಹಳೆಯ ಇಂಗ್ಲಿಷಿನ ‘ಹ್ಲೋಟ್’ ಪದದಿಂದ ಬಂದಿದೆ. ಜರ್ಮನ್ ಭಾಷೆಯ ‘ಲೋಸ್’ ಇದರ ಜ್ಞಾತಿಪದ. ಪಾಲುದಾರರ ನಡುವೆ ಪಾಲನ್ನು ನಿರ್ಣಯಿಸಲು ಬಳಸುತ್ತಿದ್ದ ಮರದ ತುಂಡು ಮೊದಲಾದ ಗುರುತಿನ ವಸ್ತುವೇ ಇದರ ಮೊದಲ ಅರ್ಥ. ಕನ್ನಡದಲ್ಲಿ ‘ಚೀಟಿ ಎತ್ತುವುದು’ ಎನ್ನುವಾಗಿನ ‘ಚೀಟಿ’ ಇದಕ್ಕೆ ಸಮೀಪವಾದುದು.

ಅರ್ಥದ ವಿಸ್ತಾರ

ಕಾಲಕ್ರಮೇಣ ವಸ್ತುವಿನ ಹೆಸರು ಅದರಿಂದ ದೊರೆತ ಪಾಲಿಗೂ, ಮುಂದೆ ಮನುಷ್ಯನ ಹಣೆಬರಹಕ್ಕೂ ಅನ್ವಯವಾಯಿತು. ಭೂಮಿಯ ತುಂಡು, ಹರಾಜಿನ ಸರಕಿನ ಒಂದು ಗುಂಪು ಎಂಬ ಅರ್ಥಗಳೂ ಸೇರಿಕೊಂಡವು. ‘ಅಲಾಟ್’ ಎಂಬ ಕ್ರಿಯಾಪದ ಹಳೆಯ ಫ್ರೆಂಚಿನ ಮೂಲಕ ಬಂದುದು; ಇಂದು ‘ಅಲಾಟ್‌ಮೆಂಟ್’ ಎಂದರೆ ಹಂಚಿಕೆ ಎಂದಷ್ಟೇ ಅರ್ಥ, ಅದು ಚೀಟಿ ಎತ್ತಿಯೇ ಆಗಿರಬೇಕೆಂದಿಲ್ಲ.

‘ಲಾಟರಿ’ ಪದವು 16ನೇ ಶತಮಾನದಲ್ಲಿ ಯೂರೋಪಿನ ಇತರ ಭಾಷೆಗಳಿಂದ ಇಂಗ್ಲಿಷಿಗೆ ಬಂದಿತು. ಬಂದರುಗಳ ದುರಸ್ತಿಗೆ ಹಣ ಸಂಗ್ರಹಿಸಲು ಒಂದನೆಯ ಎಲಿಜಬೆತ್ ರಾಣಿಯು ಏರ್ಪಡಿಸಿದ ಲಾಟರಿಯ ಚೀಟಿಗಳನ್ನು 1569ರಲ್ಲಿ ಲಂಡನ್ನಿನ ಸೇಂಟ್ ಪಾಲ್ ಪ್ರಧಾನ ಚರ್ಚಿನ ಬಳಿ ಎತ್ತಲಾಯಿತು.

ಭಾರತದಲ್ಲಿ ಈ ಪದ್ಧತಿ

ತಮಿಳುನಾಡಿನ ಉತ್ತರಮೇರೂರಿನಲ್ಲಿರುವ, ಚೋಳ ದೊರೆ ಒಂದನೆಯ ಪರಾಂತಕನ ಕಾಲದ (10ನೇ ಶತಮಾನ) ಶಾಸನಗಳು ಗ್ರಾಮಸಭೆಯ ಸಮಿತಿಗಳಿಗೆ ಸದಸ್ಯರನ್ನು ಆರಿಸುತ್ತಿದ್ದ ಕ್ರಮವನ್ನು ತಿಳಿಸುತ್ತವೆ. ಅರ್ಹರ ಹೆಸರುಗಳನ್ನು ಓಲೆಗಳಲ್ಲಿ ಬರೆದು ಕೊಡದೊಳಗೆ ಹಾಕಿ, ಬಾಲಕನೊಬ್ಬನಿಂದ ಎತ್ತಿಸಲಾಗುತ್ತಿತ್ತು. ಆದರೆ ಭೂಮಿ, ವಯಸ್ಸು, ವಿದ್ಯೆ ಮುಂತಾದ ಅರ್ಹತೆಗಳನ್ನು ಮೊದಲೇ ಗೊತ್ತುಪಡಿಸಲಾಗಿತ್ತು.

ಕಾನೂನಿನಲ್ಲಿ ಬಳಕೆ

• ಪ್ರಜಾಪ್ರತಿನಿಧಿ ಕಾಯ್ದೆ, 1951ರ 65ನೇ ಪ್ರಕರಣದಂತೆ, ಅಭ್ಯರ್ಥಿಗಳಿಗೆ ಸಮಾನ ಮತಗಳು ಬಂದು ಒಂದು ಮತದಿಂದ ಫಲಿತಾಂಶ ನಿರ್ಧಾರವಾಗುವಂತಿದ್ದಲ್ಲಿ, ಚುನಾವಣಾಧಿಕಾರಿಯು ಚೀಟಿ ಎತ್ತಿ ನಿರ್ಣಯಿಸತಕ್ಕದ್ದು. ಚೀಟಿ ಯಾರ ಪರವಾಗಿ ಬರುವುದೋ ಅವರಿಗೆ ಒಂದು ಹೆಚ್ಚುವರಿ ಮತ ದೊರೆತಂತೆ ಪರಿಗಣಿಸಲಾಗುತ್ತದೆ.
• ಶಿಕ್ಷಣ ಹಕ್ಕು ಕಾಯ್ದೆ, 2009ರ 13ನೇ ಪ್ರಕರಣವು ಶಾಲಾ ಪ್ರವೇಶಕ್ಕಾಗಿ ಮಗುವನ್ನು ಅಥವಾ ಪೋಷಕರನ್ನು ಪರೀಕ್ಷೆಗೆ ಒಳಪಡಿಸುವುದನ್ನು ನಿಷೇಧಿಸಿದೆ. ಒಂದು ಮಗುವಿಗಿಂತ ಇನ್ನೊಂದಕ್ಕೆ ಆದ್ಯತೆ ನೀಡುವ ಆಯ್ಕೆ ವಿಧಾನಗಳಲ್ಲಿ ಯಾದೃಚ್ಛಿಕ ವಿಧಾನವೊಂದನ್ನು ಮಾತ್ರ ಈ ನಿಷೇಧದಿಂದ ಹೊರಗಿಡಲಾಗಿದೆ.

ಇದಕ್ಕೆ ವ್ಯತಿರಿಕ್ತವಾಗಿ, ಹಣ ತೆತ್ತು ಬಹುಮಾನ ನಿರೀಕ್ಷಿಸುವ ಲಾಟರಿಯ ಮಾರಾಟವನ್ನು ಕರ್ನಾಟಕದಲ್ಲಿ 2007ರಲ್ಲಿ ನಿಷೇಧಿಸಲಾಯಿತು.

ಸಾರ್ವಜನಿಕರ ಗಮನಕ್ಕೆ

ಹಂಚಿಕೆಯಲ್ಲಿ ಚೀಟಿ ಎತ್ತುವುದು ಅರ್ಹತೆಗೆ ಪರ್ಯಾಯವಲ್ಲ. ಸಮಾನ ಅರ್ಹತೆಯುಳ್ಳವರು ಹೆಚ್ಚಾಗಿದ್ದು, ಹಂಚಬೇಕಾದುದು ಕಡಿಮೆ ಇದ್ದಾಗ ಮಾತ್ರ ಅದಕ್ಕೆ ಅರ್ಥವಿದೆ. ಅರ್ಹರೆಲ್ಲರ ಹೆಸರೂ ಸೇರಿರುವುದು, ಚೀಟಿಗಳು ಒಂದೇ ಅಳತೆಯಲ್ಲಿರುವುದು ಹಾಗೂ ಎಲ್ಲರ ಸಮಕ್ಷಮದಲ್ಲಿ ಎತ್ತುವುದು ಇದರ ಜೀವಾಳ. ಇವುಗಳಲ್ಲಿ ಒಂದು ತಪ್ಪಿದರೂ, ಪಾಲನ್ನು ಯಾರ ಇಚ್ಛೆಗೂ ಬಿಡದೆ ನಿರ್ಣಯಿಸುವ ಮೂಲ ಉದ್ದೇಶವೇ ವಿಫಲವಾಗುತ್ತದೆ.